ಅಮಿಸಾ ಮಾವನ ಬೆನ್ನಿಗೆ ಆಸರೆ

ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಎಕೋ ಬೆಂಟ್ಸಿಲ್ ಒಬ್ಬನೇ ಉಳಿದು ಆಫೀಸಿನ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದ. ಬಾಯಲ್ಲಿ ಮಾತಿರಲಿಲ್ಲ. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ ಎಂಬುದು ಒಂದು ಕಾರಣ. ತಾನು ಮಾಡುತ್ತಿರುವ ಕೆಲಸ ಎಂಥದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದು ಇನ್ನೊಂದು.

ಸಾಲ್ಟ್‌ಪಾಂಡ್ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿ ಬೆಳೆದವರು ಎದ್ದ ಮೇಲೆ ತಾವು ಕೂತಿದ್ದ ಮಣೆಯನ್ನು ನೆಟ್ಟಗೆ ಬಿಟ್ಟು ಹೋಗುವುದಿಲ್ಲ, ಪಕ್ಕಕ್ಕೆ ಮಲಗಿಸಿ ಹೋಗುತ್ತಾರೆ. ಖಾಲಿ ಮಣೆ ಕಂಡರೆ ದಾರಿಯಲ್ಲಿ ಹೋಗುವವರು ಬಂದು ಕೂರುತ್ತಾರೆ, ಮತ್ತು ದಾರಿಯಲ್ಲಿ ಹೋಗುವವರೆಲ್ಲ ಬದುಕಿರುವವರೇ ಆಗಿರಬೇಕೆಂದೇನಿಲ್ಲ. ನೀರಿನ ಬಿಲ್ಲಿನ ಆಫೀಸಿಗೆ ಕಂಪ್ಯೂಟರುಗಳು ಬಂದವು, ಚಕ್ರದ ಕುರ್ಚಿಗಳು ಬಂದವು, ಆದರೆ ಪದ್ಧತಿ ಹೋಗಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕುರ್ಚಿಗಳೆಲ್ಲ ಕಾಲು ಚಾಚಿಕೊಂಡು ಸತ್ತ ಜೀರುಂಡೆಗಳ ಹಾಗೆ ಬಿದ್ದಿರುತ್ತಿದ್ದವು.

ಎಕೋ ಕೂಡ ಇದೇ ಊರಿನವನೇ. ಆದರೆ ಅವನೀಗ ರಾಜಧಾನಿ ಅಕ್ರಾಗೆ ಹೋಗಿ ಎರಡು ದಿನ ತರಬೇತಿ ಪಡೆದು ಬಂದವನು. ಹೋಗಬೇಕಾಗಿದ್ದವರಿಗೆ ಮಲೇರಿಯಾ ಬಂತೆಂದು, ಉಗ್ರಾಣದ ಲೆಕ್ಕ ನೋಡಿಕೊಂಡಿದ್ದ ಇವನನ್ನು ಕಳಿಸಿದ್ದರು. ಕಂಪ್ಯೂಟರಿನ ಮುಂದೆ ಕೂರುವವರ ಕುರ್ಚಿ ಮೇಜುಗಳನ್ನು ಅಳೆದು, ಅವರ ಕತ್ತು, ಬೆನ್ನು, ಕಣ್ಣುಗಳನ್ನು ಕಾಪಾಡುವುದು ಹೇಗೆಂದು ಅಲ್ಲಿ ಕಲಿಸಿದರು. ಹಿಂದಿರುಗಿದಾಗ ಅವನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಅದನ್ನು ತೆಗೆಯುವುದಿಲ್ಲವೆಂದು ಅವನ ಹೆಂಡತಿಯೇ ಮಾರುಕಟ್ಟೆಯಲ್ಲಿ ಹೇಳಿಕೊಂಡು ಬಂದಿದ್ದಳು. ನೆಲದಲ್ಲಿ ಬಿದ್ದಿರುವ ಕುರ್ಚಿ ಎಡವಿ ಬೀಳಿಸುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆದ್ದರಿಂದ ಅವನು ಎತ್ತಿ ನಿಲ್ಲಿಸುತ್ತಿದ್ದ.

ಕೊನೆಗೆ ಮೂಲೆಯ ಕುರ್ಚಿಯ ಮುಂದೆ ಬಂದು ನಿಂತ. ಅದು ಅಮಿಸಾ ಮಾವನದು. ಹಿರಿಯ ಗುಮಾಸ್ತರಾಗಿದ್ದ ಅವರನ್ನು ಇಡೀ ಆಫೀಸು ಮಾವ ಎಂದೇ ಕರೆಯುತ್ತಿತ್ತು. ಎಂಟು ತಿಂಗಳ ಹಿಂದೆ ಅವರು ಅದೇ ಕುರ್ಚಿಯಲ್ಲಿ ತೀರಿಕೊಂಡಿದ್ದರು. ತೀರಿಕೊಂಡದ್ದು ಮಧ್ಯಾಹ್ನ, ಗೊತ್ತಾದದ್ದು ಸಂಜೆ. ಊಟವಾದ ಮೇಲೆ ಮೈಗೆ ಮುಲಾಮು ಹಚ್ಚಿಕೊಂಡು, ಎಡಕ್ಕೆ ವಾಲಿಕೊಂಡು ಅಲುಗಾಡದೆ ಕೂರುವುದು ಅವರ ನಿತ್ಯದ ಅಭ್ಯಾಸವಾಗಿತ್ತು. ಅವತ್ತು ಆ ನಡುವೆ ಮ್ಯಾನೇಜರ್ ಬಂದು, ಕೆಲಸ ನಿಧಾನವಾಯಿತೆಂದು ಒಂದು ಸಲ ಬೈದು ಹೋದದ್ದೂ ಆಗಿತ್ತು. ಅವತ್ತಿನಿಂದ ಆ ಕುರ್ಚಿ ಗೋಡೆಗೆ ಮುಖ ಮಾಡಿ ಮಲಗಿದೆ, ಯಾರೂ ಮುಟ್ಟಿಲ್ಲ.

ಎಕೋನ ಕೈ ಸ್ವಲ್ಪ ಹಿಂಜರಿಯಿತು. ಆದರೆ ಅವನ ಕಣ್ಣ ಮುಂದೆ ಅರಾಬಾಳ ಮುಖ ಬಂತು. ಗುತ್ತಿಗೆಯ ಮೇಲೆ ಟೈಪು ಮಾಡುವ ಹುಡುಗಿ, ಏಳು ತಿಂಗಳ ಬಸುರಿ. ಕೊನೆಗೆ ಕೆಲಸಕ್ಕೆ ಸೇರಿದ ಅವಳಿಗೆ ಕುರ್ಚಿ ಉಳಿದಿರಲಿಲ್ಲ. ಬಿಲ್ಲು ಕಟ್ಟಲು ಬರುವವರು ಕಾಯುವ ಬೆಂಚನ್ನು ಎಳೆದುಕೊಂಡು ಕೂತಿದ್ದಳು. ಬೆನ್ನಿಗೊಂದು, ಕೈಗೊಂದು ಆಸರೆ ಇರುವ ಕುರ್ಚಿ ಬೇಕು, ಇಲ್ಲದಿದ್ದರೆ ಮನೆಯಲ್ಲಿರು ಎಂದು ನರ್ಸಮ್ಮ ಹೇಳಿದ್ದಳು. ಗುತ್ತಿಗೆಯವರು ಮನೆಯಲ್ಲಿದ್ದರೆ ಮತ್ತೆ ಕರೆಯುವವರಿಲ್ಲ. ಗಂಡನ ದೋಣಿಗೆ ಈ ವರ್ಷ ಮೀನೂ ಬೀಳುತ್ತಿರಲಿಲ್ಲ. ಉಳಿದ ಕುರ್ಚಿಗಳಲ್ಲಿ ಒಂದಕ್ಕೆ ತೋಳಿಲ್ಲ, ಒಂದಕ್ಕೆ ಚಕ್ರವಿಲ್ಲ. ಎಕೋನ ಕುರ್ಚಿಗಂತೂ ಬೆನ್ನೇ ಇರಲಿಲ್ಲ. ಅಕ್ರಾದಿಂದ ಬಂದ ಮೇಲೆ ಒಂದು ಹಲಗೆಯನ್ನು ಹಗ್ಗದಲ್ಲಿ ಕಟ್ಟಿಕೊಂಡಿದ್ದ. ಎಲ್ಲ ಸರಿಯಾಗಿರುವ ಕುರ್ಚಿ ಇದೊಂದೇ. "ಸೋಮವಾರ ನಿನಗೆ ಕುರ್ಚಿ ಕೊಡ್ತೀನಿ, ನನ್ನ ಜವಾಬ್ದಾರಿ" ಎಂದು ಎಲ್ಲರ ಎದುರಿಗೇ ಟೇಪು ಮುಟ್ಟಿ ಹೇಳಿಬಿಟ್ಟಿದ್ದ.

ಎತ್ತಿ ನಿಲ್ಲಿಸಿದ. ಧೂಳು ಒರೆಸಿದ. ಆಸನವನ್ನು ಮಂಡಿಯ ಮಟ್ಟಕ್ಕೆ ತಂದ. ಸೊಂಟದ ಬಳಿ ಟವೆಲ್ ಸುತ್ತಿ ಇಟ್ಟ. ಪಾದಕ್ಕೆ ಒಂದು ರಟ್ಟಿನ ಪೆಟ್ಟಿಗೆ. ಪರದೆಯ ಮೇಲಂಚನ್ನು ಕಣ್ಣಿನ ನೇರಕ್ಕೆ ಇಟ್ಟ. ಮೌಸನ್ನು ಕೈಗೆಟಕುವ ಹಾಗೆ ಸರಿಸಿದ. ಎರಡು ಹೆಜ್ಜೆ ಹಿಂದೆ ಬಂದು ನೋಡಿದಾಗ ಹೆಮ್ಮೆಯಿಂದ ಎದೆ ಉಬ್ಬಿತು. ಸೋಮವಾರ ಅರಾಬಾಗೆ ಹೇಳಬೇಕಾದ ಮಾತನ್ನು ಒಮ್ಮೆ ಅಭ್ಯಾಸ ಮಾಡಿಕೊಳ್ಳೋಣವೆಂದು ಖಾಲಿ ಕುರ್ಚಿಯ ಕಡೆ ಕೈ ಚಾಚಿ, ಅಕ್ರಾದ ಗುರುಗಳ ಧಾಟಿಯಲ್ಲಿ ದೊಡ್ಡದಾಗಿ ಹೇಳಿದ:

"ಬನ್ನಿ, ಕೂತ್ಕೊಳ್ಳಿ. ಬೆನ್ನು ಪೂರ್ತಿ ಒರಗಿಸಿ. ಇದು ನಿಮ್ಮದೇ ಜಾಗ. ಆರಾಮಾಗಿರಿ."

ದೀಪ ಆರಿಸಿ ಮನೆಗೆ ಹೋದ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಅದೇ ಕೊನೆ.

ಸೋಮವಾರ ಮೊದಲು ಒಳಗೆ ಬಂದವಳು ಆಂಟಿ ಎಫುವಾ. ಬಿಲ್ಲಿನ ಕೆಲಸದಲ್ಲಿ ಹಳಬಳು, ನಾಲಿಗೆಯಲ್ಲಿ ಇನ್ನೂ ಹಳಬಳು. ಬಾಗಿಲಲ್ಲೇ ನಿಂತಳು.

"ಇದನ್ನೆಲ್ಲ ಎತ್ತಿ ನಿಲ್ಲಿಸಿದ್ದು ಯಾರು?"

"ನಾನೇ ಆಂಟಿ. ಎಡವಿ ಬೀಳ್ತೀರ ಅಂತ."

"ಇಷ್ಟು ವರ್ಷ ಎಡವದೇ ಇರೋಳು, ಇವತ್ತು ನೀನು ಟೇಪು ಹಾಕ್ಕೊಂಡೆ ಅಂತ ಎಡವ್ತೀನಾ?"

"ಅಕ್ರಾದಲ್ಲಿ ಹೇಳಿದ್ರು..."

"ಅಕ್ರಾದಲ್ಲಿ ಸತ್ತೋರೂ ಟ್ಯಾಕ್ಸೀಲಿ ಓಡಾಡ್ತಾರಂತೆ. ಅವರಿಗೆ ಕೂರೋಕೆ ಅಲ್ಲಿ ಜಾಗ ಇದೆ. ಇಲ್ಲಿ ನಮಗೇ ಇಲ್ಲ." ಅವಳು ಕರವಸ್ತ್ರ ತೆಗೆದು ತನ್ನ ಕುರ್ಚಿಯ ಮೇಲೆ ಪಟಪಟ ಬಡಿದಳು. "ಯಾರಿದ್ರೂ ಎದ್ದೇಳಿ. ಸಂಬಳ ನನಗೆ ಕೊಡೋದು."

ಮಿಕ್ಕವರೂ ಬಂದು ಹಾಗೇ ಬಡಿದು ಕೂತರು. ಅಷ್ಟರಲ್ಲಿ ಅರಾಬಾ ಬಂದಳು. ಎಕೋ ಅವಳನ್ನು ಮದುಮಗಳನ್ನು ಕರೆದೊಯ್ಯುವ ಹಾಗೆ ಮೂಲೆಗೆ ಕರೆದೊಯ್ದ. ಆಗ ಎಲ್ಲರ ಕಣ್ಣೂ ಅತ್ತ ತಿರುಗಿತು, ಮತ್ತು ಬೀಸುತ್ತಿದ್ದ ಕರವಸ್ತ್ರಗಳು ನಿಂತವು.

ಆಸನ ತಳ ಮುಟ್ಟಿತ್ತು. ಶುಕ್ರವಾರ ಮಂಡಿಯ ಮಟ್ಟಕ್ಕೆ ಇಟ್ಟದ್ದು, ಯಾರೋ ತೂಕದವರು ಎರಡು ದಿನ ಕೂತು ಕೆಳಗಿಳಿಸಿದ ಹಾಗಿತ್ತು.

"ಒಳಗಿನ ಗ್ಯಾಸು ಸೋರಿದೆ, ಅಷ್ಟೆ," ಎಂದು ಎಕೋ ನಕ್ಕು, ಬಗ್ಗಿ ಲಿವರ್ ಎತ್ತಿದ. ಖಾಲಿ ಕುರ್ಚಿಯ ಲಿವರ್ ಎತ್ತಿದರೆ ಆಸನ ಮೇಲೆ ಬರಬೇಕು. ಅದು ಅದರ ಧರ್ಮ. ಬರಲಿಲ್ಲ. ಕೈಯಿಂದ ಎಳೆದ. ಬರಲಿಲ್ಲ. ದಿನದ ಕೆಲಸ ಮುಗಿಸಿದ ಮುದುಕರು ಬಿಡುವಂಥ ಒಂದು ನಿಟ್ಟುಸಿರು ಕುರ್ಚಿಯ ಹೊಟ್ಟೆಯಿಂದ ಬಂತು, ಅಷ್ಟೆ. ಬಗ್ಗಿದವನ ಮೂಗಿಗೆ ಮುಲಾಮಿನ ಘಾಟು ಹೊಡೆಯಿತು.

"ಮೆತ್ತೆ ನೋಡು. ಎಡಗಡೆ ಕುಸಿದಿದೆ," ಎಂದಳು ಎಫುವಾ, ಗಂಟಲಲ್ಲೇ.

"ಹೌದು," ಎಂದ ಎಕೋ, ಪರೀಕ್ಷಕನ ಗತ್ತಿನಲ್ಲಿ. ತನಗೆ ಗೊತ್ತಿರುವ ವಿಷಯ ಬಂದಾಗ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. "ಇಲ್ಲಿ ಕೂರುವವರು ಎಡಕ್ಕೆ ವಾಲ್ತಾರೆ. ಸೊಂಟಕ್ಕೆ ಒಳ್ಳೇದಲ್ಲ. ಅವರಿಗೆ ಹೇಳಬೇಕು."

"ಯಾರಿಗೆ?" ಎಂದಳು ಎಫುವಾ.

ಆಗ ಅವನಿಗೂ ಹೊಳೆಯಿತು. ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅರಾಬಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆ ಸರಿದಳು. "ಅಣ್ಣ, ನಾನು ಬೆಂಚಿನ ಮೇಲೇ ಕೂರ್ತೀನಿ ಬಿಡಿ. ಮಾವಂಗೆ ಯಾಕೆ ತೊಂದರೆ."

ಮ್ಯಾನೇಜರ್ ಡಾಡ್ಜಿ ಮಂತ್ರ ತಂತ್ರ ನಂಬುವವರಲ್ಲ. ಹಾಗೆಂದು ಅವರು ಬಾಗಿಲ ಆಚೆಯಿಂದಲೇ ಹೇಳಿದರು. ಒಳಗೆ ಬರದೆಯೇ ಅಮಿಸಾ ಮನೆತನದ ಹಿರಿಯ ನಾನಾ ಕ್ವೆಜಿರ್ ಅವರಿಗೆ ಹೇಳಿ ಕಳಿಸಿದರು. ಎಂಟು ತಿಂಗಳ ಹಿಂದಿನ ಆ ಬೈಗುಳ ಅವರ ಕಿವಿಯಲ್ಲಿ ಇನ್ನೂ ಇತ್ತೆಂದು ಕಾಣುತ್ತದೆ.

ಮಂಗಳವಾರ ನಾನಾ ಹೆಗಲ ಮೇಲೆ ಬಟ್ಟೆ ಹೊದ್ದು ಬಂದರು. ಹಿರಿಯರಿಗೆ ಎರೆಯಲೆಂದು ಮ್ಯಾನೇಜರ್ ತರಿಸಿದ್ದ ಜಿನ್ ಮದ್ಯದ ಬಾಟಲಿಯನ್ನು ತಿರುಗಿಸಿ ನೋಡಿದರು.

"ಚಿಕ್ಕದು ತಂದಿದ್ದೀರ."

"ಆಫೀಸಿನ ಖರ್ಚು, ನಾನಾ," ಎಂದರು ಮ್ಯಾನೇಜರ್.

"ಸತ್ತೋನು ಆಫೀಸಿಗೆ ಕೆಲಸ ಮಾಡಿದ್ದು ಚಿಕ್ಕದಾಗಿಯಾ?"

ದೊಡ್ಡ ಬಾಟಲಿ ಬಂತು. ಹೊಸ್ತಿಲಿಗೆ ಸ್ವಲ್ಪ ಸ್ವಲ್ಪವೇ ಸುರಿಯುತ್ತ, ಹಿಂದೆ ಹೋದವರ ಹೆಸರುಗಳನ್ನೆಲ್ಲ ಕರೆದರು. ಅಮಿಸಾ ಹೆಸರು ಬಂದಾಗ ನೆಲಕ್ಕೆ ಬಿದ್ದ ಜಿನ್ನು ತಟ್ಟನೆ ಇಂಗಿಹೋಯಿತು. ಅಲ್ಲಿದ್ದದ್ದು ಸಿಮೆಂಟಿನ ನೆಲ. ಎಲ್ಲರೂ ನೋಡಿದರು. ಆಮೇಲೆ ನಾನಾ ಎಕೋನನ್ನು ಹತ್ತಿರ ಕರೆದರು.

"ನೀನು ಆ ಕುರ್ಚಿಗೆ ಏನೇನು ಮಾಡಿದೆ, ಒಂದೊಂದಾಗಿ ಹೇಳು."

ಹೀಗೆ ಕೇಳುವವರಿಗಾಗಿ ಎಕೋ ಅಕ್ರಾದಿಂದ ಬಂದಾಗಿನಿಂದ ಕಾದಿದ್ದ. ಭಯವೆಲ್ಲ ಮರೆತು ಹೇಳತೊಡಗಿದ: ಮಂಡಿ ಎಷ್ಟು ಬಾಗಬೇಕು, ಮೊಣಕೈ ಎಲ್ಲಿರಬೇಕು, ಸೊಂಟದ ಬಳಿ ಟವೆಲ್ ಯಾಕೆ, ಪಾದ ತೂಗಾಡಿದರೆ ರಕ್ತ ಹೇಗೆ ಕಟ್ಟುತ್ತದೆ. ನಾನಾ ಎಫುವಾಳ ಕುರ್ಚಿಯಲ್ಲಿ ಕೂತು, ತಮ್ಮ ಬೆನ್ನಿಗೂ ಒಂದು ಟವೆಲ್ ಇಡಿಸಿಕೊಂಡು ನೋಡಿದರು. ಅವರ ಮುಖದಲ್ಲಿ ಒಂದು ಸುಖ ಹರಡಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಅಮಿಸಾ ಮಾವನ ಹಾಗೆ ಇವರೂ ಹೋಗಿಬಿಟ್ಟರೇನೋ ಎಂದು ಮ್ಯಾನೇಜರ್ ಒಂದು ಸಲ ಕೆಮ್ಮಿದರು.

"ಕೂತ್ಕೊಳ್ಳಿ ಅಂತ ಬಾಯಿಬಿಟ್ಟು ಹೇಳಿದ್ಯಾ?" ಎಂದರು ನಾನಾ, ಕಣ್ಣು ಮುಚ್ಚಿಕೊಂಡೇ.

ಎಕೋ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಅಭ್ಯಾಸಕ್ಕೆ ಅಂತ ಹೇಳಿದೆ."

"ಆರಾಮಾಗಿರಿ ಅಂದ್ಯಾ?"

"ಅಂದೆ."

ನಾನಾ ನಿಧಾನವಾಗಿ ಕಣ್ಣು ಬಿಟ್ಟರು. "ಎಂಟು ತಿಂಗಳಿಂದ ಅವನು ಹೊರಟೇ ಇದ್ದ, ಪಾಪ. ಕೂರೋಕೆ ಎಲ್ಲೂ ಜಾಗ ಇರ್ಲಿಲ್ಲ, ಅದಕ್ಕೇ ನಡೀತಾ ಇದ್ದ. ನೀನು ಕರೆದು ಕೂರಿಸಿದೆ. ಬೆನ್ನಿಗೆ ಆಸರೆ ಕೊಟ್ಟೆ, ಕಾಲಿಗೆ ಪೆಟ್ಟಿಗೆ ಕೊಟ್ಟೆ. ಬದುಕಿದ್ದಾಗ ಈ ಆಫೀಸಿನೋರು ಅವನ ಬೆನ್ನು ಹೇಗಿದೆ ಅಂತ ಒಂದು ದಿನ ಕೇಳಿದ್ರಾ? ಇನ್ನು ಅವನು ಯಾಕೆ ಏಳ್ತಾನೆ, ಹೇಳು."

"ಹಾಗಾದ್ರೆ ಮತ್ತೆ ಮಲಗಿಸಿಬಿಡೋಣ, ನಾನಾ," ಎಂದಳು ಎಫುವಾ.

"ಅವನು ಕೂತಿದ್ದಾಗಲೇ? ಹಿರಿಯನನ್ನ ಕುರ್ಚಿ ಸಮೇತ ಕೆಡವ್ತೀಯಾ? ಕೆಡವು ನೋಡೋಣ. ಬಾ."

ಎಫುವಾಗೆ ಇದ್ದಕ್ಕಿದ್ದಂತೆ ಬಹಳ ಬಿಲ್ಲುಗಳ ಕೆಲಸ ನೆನಪಾಯಿತು.

"ಕೂರಿಸಿದೋನೇ ಏಳಿಸಬೇಕು," ಎಂದು ಹೇಳಿ ನಾನಾ ಉಳಿದ ಜಿನ್ನನ್ನು ಬಟ್ಟೆಯೊಳಗೆ ಇಟ್ಟುಕೊಂಡು ಹೊರಟರು. ಹೋಗುವಾಗ ತಮ್ಮ ಬೆನ್ನಿಗಿಟ್ಟಿದ್ದ ಟವೆಲನ್ನೂ ಒಯ್ದರು.

ಮ್ಯಾನೇಜರ್ ಎಕೋನನ್ನು ಕರೆದರು. ಗುರುವಾರ ಅಕ್ರಾದಿಂದ ಮೇಡಮ್ ಅಗ್ಬೆಕೋ ಬರುತ್ತಾರೆ, ಎಲ್ಲರ ಕುರ್ಚಿ ಮೇಜು ನೋಡಿ ಹೋಗುತ್ತಾರೆ, ಅಷ್ಟರೊಳಗೆ ಅಮಿಸಾ ಮಾವನನ್ನು ಎಬ್ಬಿಸು ಎಂದರು. ಎಬ್ಬಿಸುವುದು ಹೇಗೆಂದು ಎಕೋ ಒಂದು ಸಂಜೆಯೆಲ್ಲ ಯೋಚಿಸಿದ. ಕೊನೆಗೆ ಹೊಳೆಯಿತು. ಆರಾಮ ಕೊಟ್ಟದ್ದರಿಂದ ಕೂತರು. ಆರಾಮ ಕಿತ್ತುಕೊಂಡರೆ ಏಳುತ್ತಾರೆ.

ಬುಧವಾರ ಬೆಳಿಗ್ಗೆ ಅವನು ಕಲಿತದ್ದನ್ನೆಲ್ಲ ತಿರುಗುಮುರುಗಾಗಿ ಮಾಡಿದ. ಟವೆಲ್ ಕಿತ್ತ. ಪೆಟ್ಟಿಗೆ ಒದ್ದು ಪಕ್ಕಕ್ಕೆ ತಳ್ಳಿದ, ಒದ್ದ ಮೇಲೆ ಕೈ ಮುಗಿದ. ಪರದೆಯನ್ನು ಎದೆಯ ಮಟ್ಟಕ್ಕಿಳಿಸಿ, ಕಿಟಕಿಯ ಬಿಸಿಲು ನೇರವಾಗಿ ಬಡಿಯುವ ಹಾಗೆ ತಿರುಗಿಸಿದ. ಮೌಸನ್ನು ಮೇಜಿನ ಕಟ್ಟಕಡೆಗೆ ದೂಡಿದ. ಕೀಬೋರ್ಡನ್ನು ಓರೆ ಮಾಡಿದ. ಅಕ್ರಾದ ಗುರುಗಳು ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದರು. ಎಕೋಗೇ ಕಣ್ಣಲ್ಲಿ ನೀರು ಬಂತು.

"ಇದರಲ್ಲಿ ಒಂದು ಗಂಟೆ ಕೂತ್ರೆ ಕತ್ತು ಹಿಡ್ಕೊಳ್ಳುತ್ತೆ," ಎಂದ.

"ಅವರಿಗೆ ಕತ್ತು ಹಿಡ್ಕೊಂಡು ಇನ್ನೇನಾಗ್ಬೇಕು?" ಎಂದಳು ಎಫುವಾ.

ಮಧ್ಯಾಹ್ನ ಎಲ್ಲರೂ ಬೇವಿನ ಮರದಡಿ ಮೆಕ್ಕೆಜೋಳದ ಹುಳಿಹಿಟ್ಟಿನ ಕೆಂಕೆ ಮುದ್ದೆ, ಹುರಿದ ಮೀನು ತಿನ್ನಲು ಹೋದರು. ಬಾಗಿಲಿಗೆ ಬೀಗ, ಬೀಗದ ಕೈ ಮ್ಯಾನೇಜರ್ ಜೇಬಿನಲ್ಲಿ. ಅರಾಬಾ ಮರದ ಬೇರಿಗೆ ಒರಗಿ ಕೂತಳು. ಅವಳ ಪಾದಗಳು ಚಪ್ಪಲಿಯ ಪಟ್ಟಿಯಿಂದ ಉಕ್ಕಿ ಬಂದಿದ್ದವು. ಎಕೋ ತನ್ನ ಮೀನಿನಲ್ಲಿ ಒಂದು ತುಂಡನ್ನು ಅವಳತ್ತ ಸರಿಸಿದ.

ಹಿಂದಿರುಗಿ ಬೀಗ ತೆಗೆದಾಗ ಒಳಗೆ ತಣ್ಣಗಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ಊರಿನಲ್ಲೇ ಕರೆಂಟು ಹೋಗಿತ್ತು.

ಮೂಲೆಯ ಮೇಜಿನಲ್ಲಿ ಪರದೆ ಕಿಟಕಿಗೆ ಬೆನ್ನು ಮಾಡಿತ್ತು. ಕೀಬೋರ್ಡು ನೇರವಾಗಿತ್ತು. ಮೌಸು ತನ್ನ ಜಾಗಕ್ಕೆ ಬಂದಿತ್ತು. ಪೆಟ್ಟಿಗೆ ಮೇಜಿನಡಿಯಲ್ಲಿ ಇತ್ತು, ಒದ್ದಲ್ಲಿ ಆಗಿದ್ದ ಗುಳಿಯನ್ನು ಒಳಗಿನಿಂದ ಯಾರೋ ತಟ್ಟಿ ಸರಿಮಾಡಿದ್ದರು. ಟವೆಲ್ ಸೊಂಟದ ಬಳಿ ಇತ್ತು. ಎಕೋ ಸುತ್ತಿದ್ದಕ್ಕಿಂತ ಅಚ್ಚುಕಟ್ಟಾಗಿ ಸುತ್ತಿತ್ತು.

ಗುಮಾಸ್ತರಿಬ್ಬರು ಬಾಗಿಲಿಗೆ ಅಂಟಿಕೊಂಡರು. ಎಕೋ ಒಬ್ಬನೇ ಮುಂದೆ ಹೋಗಿ, ಟೇಪು ಬಿಚ್ಚಿ ಪರದೆಯ ಎತ್ತರ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರಿಯಾಗಿದೆ," ಎಂದ. ಅವನ ದನಿಯಲ್ಲಿ ಭಯವಿತ್ತು, ಆದರೆ ಪಾಠ ಒಪ್ಪಿಸಿದ ಶಿಷ್ಯನನ್ನು ಕಂಡ ಮೇಷ್ಟರ ಸಂತೋಷವೂ ಇತ್ತು. "ಈ ಆಫೀಸಲ್ಲಿ ನಾನು ಹೇಳಿದ್ದನ್ನ ಕೇಳಿಸಿಕೊಂಡೋರು ಅವರೊಬ್ಬರೇ."

ಆ ಮಾತು ಮಿಕ್ಕವರಿಗೆ ನಾಟಿತು. ಅವತ್ತು ಮಧ್ಯಾಹ್ನದಿಂದ ಯಾರೂ ಗೂನು ಬೆನ್ನು ಹಾಕಿ ಕೂರಲಿಲ್ಲ. ಸ್ವಲ್ಪ ಬಾಗಿದರೂ ಮೂಲೆಯಿಂದ ಯಾರೋ ನೋಡುತ್ತಿರುವ ಹಾಗೆ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಕರೆಂಟು ಬಂದ ಮೇಲೆ ಎಫುವಾ ಕೂಡ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಚರ್ಚಿನಲ್ಲಿ ಕೂತ ಹಾಗೆ ಬಿಲ್ಲು ಹೊಡೆದಳು.

ಗುರುವಾರ ಮೇಡಮ್ ಅಗ್ಬೆಕೋ ಬಂದರು. ಗಿಡ್ಡ, ಗಟ್ಟಿ ಹೆಂಗಸು. ಸಾಲಾಗಿ ಕೋಲು ನೆಟ್ಟ ಹಾಗೆ ಕೂತಿದ್ದ ಆಫೀಸನ್ನು ನೋಡಿ ಅವರ ಹುಬ್ಬು ಮೇಲೇರಿತು.

"ಕುರ್ಚಿಗಳು ಕಸದ ಗುಂಡಿಗೆ ಯೋಗ್ಯವಾಗಿವೆ. ಆದ್ರೆ ಇಷ್ಟು ಚೆನ್ನಾಗಿ ಕೂರೋರನ್ನ ನಾನು ಅಕ್ರಾದಲ್ಲೂ ನೋಡಿಲ್ಲ. ಇವರಿಗೆ ಹೇಗೆ ಕಲಿಸಿದ್ರಿ, ಬೆಂಟ್ಸಿಲ್?"

"ನಾನೊಬ್ಬನೇ ಅಲ್ಲ, ಮೇಡಮ್," ಎಂದ ಎಕೋ, ಸತ್ಯವನ್ನೇ.

ಅವರು ಮೂಲೆಗೆ ಹೋದರು. ತುಂಬ ಹೊತ್ತು ನೋಡಿದರು. ಬಗ್ಗಿ ಪೆಟ್ಟಿಗೆ ನೋಡಿದರು, ಟವೆಲ್ ನೋಡಿದರು. "ಇದು ಪಾಠಕ್ಕೆ ತೋರಿಸೋ ಹಾಗಿದೆ. ಇಲ್ಲಿ ಯಾರು ಕೂರೋದು?"

ಆಫೀಸಿನಲ್ಲಿ ಕೀಬೋರ್ಡಿನ ಸದ್ದು ನಿಂತಿತು. ಮ್ಯಾನೇಜರ್ ಬೆವರು ಒರೆಸಿಕೊಂಡರು. "ಹಿರಿಯ ಗುಮಾಸ್ತರು, ಮೇಡಮ್. ತುಂಬ ಹಳಬರು."

"ಎಲ್ಲಿ ಅವರು?"

"ಇಲ್ಲೇ ಇದಾರೆ," ಎಂದಳು ಎಫುವಾ, ಪರದೆಯಿಂದ ಕಣ್ಣು ತೆಗೆಯದೆ.

ಮೇಡಮ್ ಆಸನದ ಮೇಲೆ ಅಂಗೈ ಊರಿದರು. ಊರಿದ ಕೈಯನ್ನು ತೆಗೆದು ಒಮ್ಮೆ ನೋಡಿಕೊಂಡು, ಸ್ಕರ್ಟಿಗೆ ಒರೆಸಿಕೊಂಡರು. "ಬೆಚ್ಚಗಿದೆ. ಈಗಷ್ಟೇ ಎದ್ದು ಹೋದ ಹಾಗಿದೆ." ಆಮೇಲೆ ಅವರ ಕಣ್ಣು ಬೆಂಚಿನ ಮೇಲೆ ಬಿತ್ತು. "ಈ ಹುಡುಗಿ ಯಾಕೆ ಹಲಗೆ ಮೇಲೆ ಕೂತಿದಾಳೆ? ಪಾದ ನೋಡಿ, ಬ್ರೆಡ್ಡಿನ ಹಾಗೆ ಉಬ್ಬಿದೆ."

"ಬೇರೆ ಒಳ್ಳೆ ಕುರ್ಚಿ ಇಲ್ಲ, ಮೇಡಮ್," ಎಂದ ಎಕೋ.

"ನಾನು ನೋಡಿ ಸುಮ್ಮನೆ ಹೋಗೋಕಾಗಲ್ಲ. ನಾನು ಹೊರಡೋದ್ರೊಳಗೆ ಇವಳು ಸರಿಯಾದ ಕುರ್ಚೀಲಿ ಕೂತಿರಬೇಕು, ಇಲ್ಲದಿದ್ರೆ ಇವತ್ತೇ ಮನೆಗೆ ಕಳಿಸಿ. ಗುತ್ತಿಗೆಯೋಳಾ? ಹಾಗಾದ್ರೆ ಇವಳ ಜಾಗಕ್ಕೆ ಬೇರೆಯೋರನ್ನ ನೋಡ್ಕೊಳ್ಳಿ." ಅವರ ದನಿ ಒರಟಾಗಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ನಿಮ್ಮ ಹಿರಿಯ ಗುಮಾಸ್ತರನ್ನ ಕೇಳಿ ನೋಡಿ. ಬಸುರಿಗೆ ಎದ್ದು ಜಾಗ ಬಿಡದೇ ಇರೋಂಥ ಗಂಡಸಾ ಅವರು?"

"ಅವರು ತುಂಬ ಒಳ್ಳೆಯೋರು, ಮೇಡಮ್," ಎಂದಳು ಅರಾಬಾ. ಅವತ್ತು ಅವಳು ಮಾತಾಡಿದ್ದು ಅದೇ ಮೊದಲು. "ನಾನು ಸೇರಿದ ದಿನ ನಂಗೆ ಅವರ ಊಟದಲ್ಲಿ ಅರ್ಧ ಮೀನು ಕೊಟ್ಟಿದ್ರು."

"ಮತ್ತೆ ಕೇಳೋಕೇನು? ಬಾಯಿಲ್ವಾ?" ಎಂದು ಮೇಡಮ್ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಎಬ್ಬಿಸಲು ನೂರು ಉಪಾಯ ಹುಡುಕಿದ್ದ ಎಕೋಗೆ ಕೇಳಬಹುದು ಎಂಬುದೊಂದು ಹೊಳೆದಿರಲಿಲ್ಲ. ಅವನು ಮೂಲೆಗೆ ಹೋದ. ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟ. ದೊಡ್ಡವರ ಮುಂದೆ ನಿಲ್ಲುವಾಗ ಬಿಡುವ ಹಾಗೆ ಚಪ್ಪಲಿ ಬಿಟ್ಟ. ಬಗ್ಗಿ ಲಿವರಿಗೆ ಕೈ ಹಾಕಿದ.

"ಮಾವ, ನಿಮ್ಮನ್ನ ಕೂರಿಸಿದ್ದು ನಾನೇ. ಬೆನ್ನು ನೋಯ್ತಿತ್ತು ಅಂತ ನೀವು ಹೇಳಲೂ ಇಲ್ಲ, ನಾವು ಕೇಳಲೂ ಇಲ್ಲ. ಈಗ ಅರಾಬಾ ಕೂರಬೇಕು. ಸ್ವಲ್ಪ ಎದ್ದೇಳಿ."

ಮುಲಾಮಿನ ಘಾಟು ದಟ್ಟವಾಯಿತು. ಲಿವರ್ ಕೈಯಲ್ಲೇ ಮೆತ್ತಗಾಯಿತು. ಆಸನ ಒಂದು ಉಸಿರು ಬಿಟ್ಟು, ಮಂಡಿ ನೋವಿರುವ ಮುದುಕರು ಮೇಜು ಹಿಡಿದು ಏಳುವ ಹಾಗೆ, ತಡೆತಡೆದು, ನಿಧಾನವಾಗಿ ಮೇಲಕ್ಕೆ ಬಂತು. ಬಾಗಿಲ ಬಳಿಯಿದ್ದವರು ಯಾರೂ ಹೇಳದೆಯೇ ಎರಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲ ಕಡೆ ಏನೂ ಹೋದ ಹಾಗೆ ಕಾಣಲಿಲ್ಲ.

ಅರಾಬಾ ಬಂದು ಕೂತಳು. ಬೆನ್ನು ಪೂರ್ತಿ ಒರಗಿಸಿದಳು. ಪಾದಗಳನ್ನು ಪೆಟ್ಟಿಗೆಯ ಮೇಲಿಟ್ಟಳು. ಅವಳ ಕಣ್ಣಿಂದ ನೀರು ಇಳಿಯಿತು. "ಬೆಚ್ಚಗಿದೆ, ಅಣ್ಣ," ಎಂದಳು.

ಮೇಡಮ್ ಹೊರಬಂದು ನೋಡಿ, ತಲೆಯಾಡಿಸಿ, ಹಿರಿಯ ಗುಮಾಸ್ತರಿಗೆ ತಮ್ಮ ವಂದನೆ ತಿಳಿಸಲು ಹೇಳಿ ಕಾರು ಹತ್ತಿದರು. ಕಾಯುವ ಬೆಂಚು ಹೊರಗಿನ ಹಜಾರಕ್ಕೆ ಹೋಯಿತು, ಬಿಲ್ಲು ಕಟ್ಟುವವರು ಅದರ ಮೇಲೆ ಒತ್ತೊತ್ತಾಗಿ ಕೂತರು. ಎಫುವಾ ಎಕೋನ ಬೆನ್ನು ತಟ್ಟಿದಳು. ಅದು ಅವಳ ಕೈಯಿಂದ ಆಗುವ ಅತಿ ದೊಡ್ಡ ಸನ್ಮಾನ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಎಕೋ ಟೇಪು ಹಾಕಿಕೊಂಡು, ಶಿಳ್ಳೆ ಹಾಕುತ್ತ ತನ್ನ ಜಾಗಕ್ಕೆ ತಿರುಗಿದ.

ಅವನ ಕುರ್ಚಿಯ ಲಿವರ್ ಮುರಿದು ಎಷ್ಟೋ ಕಾಲವಾಗಿತ್ತು. ಸಮುದ್ರದ ಗಾಳಿಗೆ ತುಕ್ಕು ಹಿಡಿದು, ಸುತ್ತಿಗೆಯಲ್ಲಿ ಹೊಡೆದರೂ ಅದು ಮೇಲೆ ಕೆಳಗೆ ಆಗುತ್ತಿರಲಿಲ್ಲ. ಈಗ ಅದು ಇಳಿಯುತ್ತಿತ್ತು. ಸ್ವಲ್ಪ ಸ್ವಲ್ಪವೇ, ಎಡಕ್ಕೆ ವಾಲಿಕೊಂಡು. ಹಗ್ಗದಲ್ಲಿ ಕಟ್ಟಿದ ಹಲಗೆ ಕಿರ್ ಎಂದಿತು, ಯಾರೋ ಅದರ ಗಟ್ಟಿತನ ಪರೀಕ್ಷಿಸಿ ಒರಗಿಕೊಂಡ ಹಾಗೆ.

ಶಿಳ್ಳೆ ನಿಂತಿತು. ಆಫೀಸಿನಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ತಮ್ಮ ಪರದೆಗಳನ್ನು ದಿಟ್ಟಿಸುತ್ತಿದ್ದರು.

"ಮಾವ," ಎಂದ ಎಕೋ, "ಅದು ನನ್ನ ಕುರ್ಚಿ."

ಆಸನ ತಳ ಮುಟ್ಟಿ ನಿಂತಿತು. ಎಫುವಾ ಬಿಲ್ಲು ಹೊಡೆಯುತ್ತಿದ್ದಳು. ಅರಾಬಾ ಕಣ್ಣು ಮುಚ್ಚಿ ಒರಗಿದ್ದಳು. ಸಂಜೆಯವರೆಗೆ ಕೆಲಸ ಬಹಳವಿತ್ತು, ಮತ್ತು ಎಕೋನ ಕಾಲು ಆಗಲೇ ನೋಯತೊಡಗಿತ್ತು. ಅವನು ಟೇಪು ಹಿಡಿದುಕೊಂಡು, ಇನ್ನೂ ಸ್ವಲ್ಪ ಹತ್ತಿರ ಹೋಗಿ, ಮೆಲ್ಲಗೆ ಕೇಳಿದ:

"ಒಂದು ಚೂರು ಸರೀತೀರಾ?"